ಲಗುನಾ ಪಟ್ಟದ ಒಡತಿಯರು

ಗೋಮೆಸ್ ಪಲಾಸಿಯೊ
೨ ಸೆಪ್ಟೆಂಬರ್ ೧೯೮೬

ಮಗಳೇ ಒತಿಲಿಯಾ,

ನೀನು ಜಪಾನಿಗೆ ಹೋದ ಮೇಲೆ ಗರಡಿಯಲ್ಲಿ ಸದ್ದೇ ಇಲ್ಲ. ಉಳಿದ ಹುಡುಗಿಯರು ಬೀಳುವುದೂ ಮೆಲ್ಲಗೆ, ಏಳುವುದೂ ಮೆಲ್ಲಗೆ. ನಿನ್ನೆ ತಡೆಯಲಾಗದೆ ಬೈದೆ: "ಇದೇನು ಕುಸ್ತಿನೋ, ಹಾಸಿಗೆ ಹಾಸೋದೋ?" ನಕ್ಕರು. ಆಮೇಲೆ ಇನ್ನೂ ಮೆಲ್ಲಗೆ ಬಿದ್ದರು.

ದೊನ್ ಕುಕೋ ಆಗಲೇ ಪೋಸ್ಟರ್ ಅಚ್ಚು ಹಾಕಿಸಿದ್ದಾನೆ. "ಜಪಾನ್ ಗೆದ್ದು ಬಂದ ಮಿಂಚು!" ಅಂತೆ. ಅವಳು ಇನ್ನೂ ಒಂದು ಪಂದ್ಯವನ್ನೂ ಆಡಿಲ್ಲವಲ್ಲೋ ಎಂದರೆ, "ಆಡ್ತಾಳಲ್ಲ, ಶಾಯಿ ಒಣಗೋಕೂ ಟೈಮ್ ಬೇಕಲ್ಲ" ಎನ್ನುತ್ತಾನೆ. ಪಂದ್ಯ ಏರ್ಪಡಿಸುವವರ ಜಾತಿಯೇ ಹಾಗೆ. ಇವನ ಅಪ್ಪನೂ ಹೀಗೇ ಇದ್ದ.

ಅಲ್ಲಿಯ ಪತ್ರಿಕೆಯವರು ನಿನ್ನ ಪಟ್ಟದ ಚರಿತ್ರೆ ಕೇಳುತ್ತಾರಂತೆ. ಬಾಯಲ್ಲಿ ಗುರು, ಮಾಯೆಸ್ತ್ರಾ ಎನ್ನುತ್ತೀಯ, ನಾನು ಹೇಳುವಾಗಲೆಲ್ಲ ಮಾತ್ರ ನೀನು ಬೂಟಿನ ಲೇಸು ಬಿಗಿಯುತ್ತಾ ಕೂತಿರುತ್ತಿದ್ದೆ. ಈಗ ತಪ್ಪಿಸಿಕೊಳ್ಳಲಾರೆ, ಓದು. ರಾಜಧಾನಿ ಮೆಕ್ಸಿಕೋ ನಗರದಲ್ಲಿ ಹೆಂಗಸರ ಕುಸ್ತಿ ನಿಲ್ಲಿಸಿದ ಮೇಲೆ ಅಲ್ಲಿದ್ದ ನಾವೆಲ್ಲ ಗಂಟು ಕಟ್ಟಿ ಉತ್ತರಕ್ಕೆ ಬಂದೆವು. ಐವತ್ತೇಳರಲ್ಲಿ ಕುಕೋನ ಅಪ್ಪ, ದೊಡ್ಡ ಮೆದ್ರಾನೊ, ಕುದುರೆಯ ಜೀನು ಹೊಲಿಯುವವನೊಬ್ಬನಿಂದ ಬೆಲ್ಟು ಮಾಡಿಸಿ, ಲಗುನಾ ಬಯಲಿನ ಮಹಿಳಾ ಪಟ್ಟ ಎಂದು ಹೆಸರಿಟ್ಟ. ಮೊದಲ ಒಡತಿ ಅಂಪಾರೊ ಸಿಸ್ನೆರೋಸ್. ಅವಳನ್ನು ಆರು ವರ್ಷ ಯಾರೂ ಅಲ್ಲಾಡಿಸಲಿಲ್ಲ ಎಂದು ನಮ್ಮ ಗರಡಿಯ ಬೋರ್ಡಿನಲ್ಲಿ ಬರೆದಿದೆ. ಅರವತ್ತಮೂರರಲ್ಲಿ ನಾನು ಗೆದ್ದೆ. ಆಮೇಲೆ ಹಲವರ ಸೊಂಟ ದಾಟಿ ನಿನ್ನ ಸೊಂಟಕ್ಕೆ ಬಂತು. ಬೋರ್ಡಿನಲ್ಲಿ ಇದ್ದಷ್ಟು ಹೇಳು. ಸಾಕು.

ಎಡಭುಜಕ್ಕೆ ಪ್ರತಿ ಬೆಳಿಗ್ಗೆ ಬಿಸಿನೀರಿನ ಶಾಖ ಕೊಡು. ಅಲ್ಲಿಯ ಹುಡುಗಿಯರು ತಪ್ಪು ಮಾಡದೆ ಕುಸ್ತಿ ಆಡುತ್ತಾರಂತೆ. ಅಂಥವರ ಜೊತೆಗೇ ಜಾಸ್ತಿ ಪೆಟ್ಟಾಗುವುದು.

ನಿನ್ನ
ಎರ್ಮಿನಿಯಾ


ಟೋಕಿಯೊ
೨೭ ಸೆಪ್ಟೆಂಬರ್ ೧೯೮೬

ಮಾಯೆಸ್ತ್ರಾ,

ನಿಮ್ಮ ಕಾಗದ ಬಂತು. ಕೈಬರಹ ನೋಡಿ ಗಾಬರಿಯಾಗಬೇಡಿ, ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಇಲ್ಲಿ ನಮ್ಮ ಬದುಕೆಲ್ಲ ಬಸ್ಸಿನಲ್ಲೇ. ಇವತ್ತು ಒಂದೂರು, ನಾಳೆ ಇನ್ನೊಂದು. ಎಲ್ಲ ಊರಿನ ಸಭಾಂಗಣಗಳೂ ಒಂದೇ ಥರ, ಎಲ್ಲ ಕಡೆಯೂ ಚಪ್ಪಲಿ ಹೊರಗೆ ಬಿಡಬೇಕು.

ಪ್ರೇಕ್ಷಕರು ಮುಕ್ಕಾಲು ಪಾಲು ಶಾಲೆಯ ಹುಡುಗಿಯರು. ಕಿರುಚುತ್ತಾರೆ, ಅಳುತ್ತಾರೆ, ಬಣ್ಣದ ಕಾಗದದ ಸುರುಳಿ ಎಸೆಯುತ್ತಾರೆ. ನಮ್ಮ ಕಡೆ ಮುದುಕಿಯರು ಛತ್ರಿಯಲ್ಲಿ ಚುಚ್ಚುತ್ತಿದ್ದರಲ್ಲ, ಅದು ನೆನಪಾಗಿ ನಗು ಬಂತು. ಊಟಕ್ಕೆ ಅನ್ನ, ಮೀನು, ಮತ್ತೆ ಅನ್ನ. ನಮ್ಮ ಗೋಧಿಯ ತೊರ್ತಿಯಾ ರೊಟ್ಟಿ ಕನಸಿನಲ್ಲಿ ಬರುತ್ತದೆ. ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಒಕಾದಾ ಎಂಬ ಹೆಂಗಸು ಪೆರುವಿನಲ್ಲಿ ಬೆಳೆದವಳು, ನಮ್ಮ ಭಾಷೆ ಚೆನ್ನಾಗಿ ಆಡುತ್ತಾಳೆ. ನನಗೆ ಅವಳೇ ಬಾಯಿ, ಅವಳೇ ಕಿವಿ.

ಇಲ್ಲಿ ಕಿನುಕೊ ಮುರೋಯಾ ಅಂತ ಒಬ್ಬಳು ಹುಡುಗಿ ಇದ್ದಾಳೆ. ಇಪ್ಪತ್ತು ವರ್ಷ. ಒಳ್ಳೆಯವಳು. ನನ್ನ ಕೂದಲು ಕಟ್ಟಿಕೊಡುತ್ತಾಳೆ.

ಪಂದ್ಯಗಳು ನಡೆಯುತ್ತಿವೆ. ಬೆಲ್ಟು ಚೀಲದಲ್ಲಿ ಭದ್ರವಾಗಿದೆ. ಭುಜಕ್ಕೆ ಶಾಖ ಕೊಡುತ್ತಿದ್ದೇನೆ.

ನಿಮ್ಮ
ಒತಿಲಿಯಾ


ಗೋಮೆಸ್ ಪಲಾಸಿಯೊ
೧೪ ಅಕ್ಟೋಬರ್ ೧೯೮೬

ಮಗಳೇ,

ಕಾಗದವನ್ನು ಮೂರು ಸಲ ಓದಿದೆ. ಬಸ್ಸಿನಲ್ಲಿ ಬರೆದೆಯಂತೆ! ಬಸ್ಸು ಕುಲುಕಿದರೆ ಅಕ್ಷರ ಕುಣಿಯಬಹುದು, ಮಾತು ಯಾಕೆ ಕಮ್ಮಿಯಾಗಬೇಕು? ಗೆದ್ದ ಪಂದ್ಯಗಳ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ಗರಡಿಯಲ್ಲಿ ಒಂದು ಇಲಿ ಹೊಡೆದರೂ ಒಂದು ಗಂಟೆ ಕಥೆ ಹೇಳುವವಳು ನೀನು. ನನಗೆ ಗೊತ್ತಾಯಿತು ಬಿಡು. ಯಾವನೋ ಸಿಕ್ಕಿದ್ದಾನೆ. ಯಾರು? ಡ್ರೈವರನೋ, ಡೋಲು ಹೊಡೆಯುವವನೋ? ಯಾರಾದರೂ ಆಗಲಿ, ರೆಫರಿ ಮಾತ್ರ ಬೇಡ. ನನ್ನ ಎರಡನೆಯ ಗಂಡ ರೆಫರಿ. ಮನೆಯಲ್ಲೂ ಎಣಿಸುತ್ತಿದ್ದ.

ಈಗ ದೊಡ್ಡ ಸುದ್ದಿ. ಕೂತುಕೊಂಡು ಓದು. ರಾಜಧಾನಿಯಲ್ಲಿ ಹೆಂಗಸರ ಕುಸ್ತಿಗೆ ಮತ್ತೆ ಅನುಮತಿ ಕೊಡುತ್ತಾರಂತೆ! ಡಿಸೆಂಬರಿನಲ್ಲೇ ಅಂತೆ. ಕುಕೋ ಓಡಿ ಬಂದು ಹೇಳಿದ. ಆನಂದಕ್ಕೆ ಕುಣಿದು ನನ್ನ ಕುರ್ಚಿ ಮುರಿದ. ನೀನು ಬಂದ ಕೂಡಲೇ ಅಲ್ಲಿ ಪಟ್ಟದ ಪಂದ್ಯ ಇಡಿಸುತ್ತಾನಂತೆ. ಲಗುನಾ ಪಟ್ಟ, ರಾಜಧಾನಿಯ ರಿಂಗಿನಲ್ಲಿ!

ನಿನಗೆ ಇದನ್ನು ಎಂದೂ ಹೇಳಿರಲಿಲ್ಲ. ಐವತ್ನಾಲ್ಕರಲ್ಲಿ ನಾನು ಅಲ್ಲಿ ಮೊದಲ ಪಂದ್ಯ ಆಡಬೇಕಿತ್ತು. ಇಪ್ಪತ್ತೆರಡು ವರ್ಷ. ಹೊಸ ಬೂಟು ಹಾಕಿಕೊಂಡು ತಯಾರಾಗಿ ನಿಂತಿದ್ದೆ. ಒಬ್ಬ ಅಧಿಕಾರಿ ಬಾಗಿಲಿನಿಂದ ತಲೆ ಹಾಕಿ, "ಹೆಂಗಸರ ಪಂದ್ಯ ಇನ್ಮೇಲಿಲ್ಲ. ಹಿಂದಿನ ಬಾಗಿಲಿಂದ ಹೋಗಿ, ಮುಂದೆ ಜನ ಇದಾರೆ" ಎಂದ. ಬೂಟು ಬಿಚ್ಚಲೂ ಹೊತ್ತು ಕೊಡಲಿಲ್ಲ. ಆವತ್ತಿನಿಂದ ಆ ಊರಿಗೆ ಕಾಲಿಟ್ಟಿಲ್ಲ. ಈಗ ನೀನು ಮುಂದಿನ ಬಾಗಿಲಿನಿಂದ ಒಳಗೆ ಹೋಗುತ್ತೀಯ.

ಸಂತೋಷಕ್ಕೆ ನಿನ್ನೆ ಗರಡಿಯ ಹುಡುಗಿಯರಿಗೆಲ್ಲ ಗೊರ್ದಿತಾ, ಆ ದಪ್ಪ ಹೂರಣದ ರೊಟ್ಟಿ, ಸುಟ್ಟು ತಿನ್ನಿಸಿದೆ. ತಿಂದ ಮೇಲೆ ಯಾರಿಗೂ ಬೀಳಲೂ ಆಗಲಿಲ್ಲ.

ನಿನ್ನ
ಎರ್ಮಿನಿಯಾ


ಸೆಂದಾಯ್
೧ ನವೆಂಬರ್ ೧೯೮೬

ಮಾಯೆಸ್ತ್ರಾ,

ಹುಡುಗ ಯಾರೂ ಇಲ್ಲ. ಬಸ್ಸೂ ಸುಳ್ಳು. ನಾನು ಬರೆಯುವುದು ಎಡಗೈಯಲ್ಲಾದ್ದರಿಂದ ಅಕ್ಷರ ಹಾಗಿತ್ತು. ಕೆಟ್ಟದ್ದು ಎಡಭುಜ, ಪಟ್ಟಿ ಕಟ್ಟಿದ್ದರು, ಬೆರಳು ಮಾತ್ರ ಹೊರಗಿತ್ತು. ಇವತ್ತು ಪಟ್ಟಿ ಬಿಚ್ಚಿದರು. ಅದಕ್ಕೇ ಬರೆಯುವ ಧೈರ್ಯ ಬಂತು.

ನಾನು ಪಟ್ಟ ಕಳೆದುಕೊಂಡಿದ್ದೇನೆ.

ಸೆಪ್ಟೆಂಬರ್ ಮಧ್ಯದಲ್ಲಿ ನೀಗಾತಾ ಎಂಬ ಊರಿನಲ್ಲಿ. ಎದುರಿಗೆ ಕಿನುಕೊ. ಅವಳ ಊರು ಅಲ್ಲಿಗೆ ಹತ್ತಿರ, ಅದಕ್ಕೇ ಅವಳನ್ನು ಹಾಕಿದ್ದರು. ಎಲ್ಲ ಪಂದ್ಯಗಳ ಹಾಗೆ ಇದರಲ್ಲೂ ಯಾರು ಗೆಲ್ಲಬೇಕೆಂಬುದು ಮೊದಲೇ ತೀರ್ಮಾನವಾಗಿತ್ತು. ನಾನು ಗೆಲ್ಲಬೇಕು ಎಂದು ಎರಡೂ ಕಡೆಯ ದೊಡ್ಡವರು ಮಾತಾಡಿಕೊಂಡಿದ್ದು ನಿಮಗೆ ಗೊತ್ತೇ ಇದೆ. ಕೊನೆಯ ಸುತ್ತು. ಅವಳು ನನ್ನನ್ನು ಹೆಗಲ ಮೇಲಿಂದ ಎತ್ತಿ ಹಾಕಿದಳು. ಸರಿಯಾಗಿಯೇ ಹಾಕಿದಳು. ನಾನೇ ಕೈ ಊರಿದೆ. ಕೈ ಊರಬೇಡ, ಬೆನ್ನು ಕೊಡು ಎಂದು ನೀವು ಎಷ್ಟು ಸಲ ಹೇಳಿದ್ದೀರಿ! ಭುಜ ಗೂಡಿನಿಂದ ಜಾರಿತು. ಅವಳು ಮೇಲೆ ಬಿದ್ದು ಒತ್ತಿದಳು. ರೆಫರಿ ಎರಡು ಎಣಿಸುವಷ್ಟರಲ್ಲಿ ನಾನು ಏಳಬೇಕಿತ್ತು, ಮೂರಾದರೆ ಸೋಲು. ಅವಳೂ ಅದಕ್ಕೇ ಕಾಯುತ್ತಿದ್ದಳು, ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು. ನನ್ನಿಂದ ಆಗಲಿಲ್ಲ. ರೆಫರಿ ಮೂರನೆಯ ಸಲ ಕೈ ಬಡಿದ. ಪಾಪ, ಅವನು ತನ್ನ ಕೆಲಸ ಮಾಡಿದ.

ತೀರ್ಮಾನವಾದದ್ದು ಒಂದು, ಆದದ್ದು ಇನ್ನೊಂದು.

ಸಭಾಂಗಣದಲ್ಲಿ ಚಾವಣಿ ಹಾರಿಹೋಗುವ ಹಾಗೆ ಕೂಗಿದರು. ಕಿನುಕೊ ಬೆಲ್ಟು ಹಿಡಿದು ಅಳುತ್ತಾ ನಿಂತಿದ್ದಳು. ಜನ ಅದನ್ನು ಸಂತೋಷದ ಅಳು ಅಂದುಕೊಂಡರು.

ಮರುದಿನ ಅವಳು ಆಸ್ಪತ್ರೆಗೆ ಬಂದಳು. ಹಣೆ ನೆಲಕ್ಕೆ ತಾಗುವಷ್ಟು ಬಾಗಿ ಬೆಲ್ಟನ್ನು ನನ್ನ ಮಂಚದ ಮೇಲಿಟ್ಟಳು. ಅವರ ಆಫೀಸಿನ ಅಪ್ಪಣೆಯಂತೆ. ಹೋದ ವಾರ ಕೂಡ ದೊನ್ ಕುಕೋ ಫೋನಿನಲ್ಲಿ ಕೂಗುತ್ತಿದ್ದ: "ಏನೂ ಆಗಿಲ್ಲ ಮಗಾ! ಅದು ಪಟ್ಟದ ಪಂದ್ಯವೇ ಅಲ್ಲ ಅಂತ ಅವರೂ ಒಪ್ಪಿದಾರೆ. ಇಲ್ಲಿ ಒಂದು ನರಪಿಳ್ಳೆಗೂ ಗೊತ್ತಿಲ್ಲ. ಬೆಲ್ಟು ತಗೊಂಡು ಬಾ, ರಾಜಧಾನಿ ಕಾಯ್ತಾ ಇದೆ."

ಬೆಲ್ಟು ಚೀಲದಲ್ಲಿ ಭದ್ರವಾಗಿದೆ ಎಂದು ಬರೆದೆನಲ್ಲ, ಅದೊಂದು ಮಾತ್ರ ನಿಜ. ಆದರೆ ಚೀಲದ ಜಿಪ್ಪು ತೆರೆಯಲು ಮನಸ್ಸಾಗುವುದಿಲ್ಲ. ನಿಮ್ಮ ಕಾಗದ ಓದಿ, ನೀವು ಬೂಟು ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಹೋದದ್ದನ್ನು ಓದಿ, ಚೀಲವನ್ನು ಮಂಚದ ಕೆಳಗೆ ತಳ್ಳಿಬಿಟ್ಟೆ.

ಏನು ಮಾಡಲಿ? ನೀವು ಹೇಳಿದ ಹಾಗೆ ಮಾಡುತ್ತೇನೆ.

ಒತಿಲಿಯಾ


ಗೋಮೆಸ್ ಪಲಾಸಿಯೊ
೧೭ ನವೆಂಬರ್ ೧೯೮೬

ಒತಿಲಿಯಾ,

ಕಾಗದ ಬಂತು. ಭುಜವನ್ನು ಒಳ್ಳೆಯ ಡಾಕ್ಟರಿಗೆ ತೋರಿಸು, ಅವಸರ ಮಾಡಿ ರಿಂಗಿಗೆ ಇಳಿಯಬೇಡ.

ಮಿಕ್ಕಿದ್ದರ ಬಗ್ಗೆ ನಾನು ಏನೂ ಹೇಳಲಾರೆ. ನಾನು ಹೇಳಿದ್ದನ್ನು ನೀನು ಮಾಡಿದರೆ ಅದು ನನ್ನ ಕೆಲಸವಾಗುತ್ತದೆ, ನಿನ್ನದಾಗುವುದಿಲ್ಲ. ಎರಡು ಭುಜವೂ ನೆಲಕ್ಕೆ ತಾಗಿತ್ತೋ ಇಲ್ಲವೋ ನಿನಗೆ ಗೊತ್ತು. ನಾನು ಅಲ್ಲಿರಲಿಲ್ಲ.

ಎರ್ಮಿನಿಯಾ


ಟೋಕಿಯೊ
೪ ಡಿಸೆಂಬರ್ ೧೯೮೬

ಮಾಯೆಸ್ತ್ರಾ,

ನಿಮಗೆ ಸಿಟ್ಟು ಬಂದಿದೆ. ಬರಬೇಕಾದ್ದೇ. "ಮಗಳೇ" ಎಂದು ಕೂಡ ಬರೆದಿಲ್ಲ. ಈಗ ಬರೆಯುವುದನ್ನು ಓದಿ ಇನ್ನೂ ಜಾಸ್ತಿ ಬರಬಹುದು. ಆದರೂ ಬರೆಯುತ್ತೇನೆ, ಬೇರೆಯವರ ಬಾಯಿಂದ ನೀವು ಕೇಳಬಾರದು.

ಹೋದ ಭಾನುವಾರ ಹಾಸ್ಟೆಲಿಗೆ ಕಿನುಕೊಳ ಅಪ್ಪ ಬಂದಿದ್ದ. ಮೀನುಗಾರ. ಸಾಲಾಗಿ ಗುಂಡಿ ಹಾಕಿದ ಹಳೆಯ ಕೋಟು, ಗಾಳಿಗೆ ಒಡೆದ ಕೈ. ಜೊತೆಗೆ ಊರಿನ ನಾಲ್ಕು ಜನ. ಮಗಳು ಮೆಕ್ಸಿಕೋದ ಚಾಂಪಿಯನ್ ಆಗಿದ್ದಾಳೆಂದು ಅವರೂರಿನಲ್ಲಿ ಎಲ್ಲರಿಗೂ ಗೊತ್ತು, ನೀಗಾತಾದಲ್ಲಿ ಕಣ್ಣಾರೆ ನೋಡಿದವರಿದ್ದಾರೆ. ಬೆಲ್ಟು ನೋಡಬೇಕು, ಅದರ ಜೊತೆ ಒಂದು ಫೋಟೋ ತೆಗೆಸಬೇಕು ಎಂದು ರೈಲು ಹತ್ತಿ ಬಂದಿದ್ದರು. ಅವಳು ಅವರಿಗೆ ಏನೂ ಹೇಳಿರಲಿಲ್ಲ. ಊಟದ ಕೋಣೆಯಲ್ಲಿ ಎಲ್ಲರೆದುರಿಗೆ ಅಪ್ಪನ ಮುಂದೆ ಮಂಡಿಯೂರಿ ಕೂತು ಏನೋ ಹೇಳಿದಳು. ಒಕಾದಾ ನನ್ನ ಕಿವಿಯಲ್ಲಿ ಹೇಳಿದಳು: "ಅದು ಲೆಕ್ಕಕ್ಕಿಲ್ಲ ಅಪ್ಪಾ, ತಪ್ಪಾಗಿತ್ತು ಅಂತಿದಾಳೆ."

ಅವನು ಬೈಯಲಿಲ್ಲ. ಎದ್ದು ನನ್ನ ಹತ್ತಿರ ಬಂದು, ಬಾಗಿ, ಒಣಗಿಸಿದ ಮೀನಿನ ಒಂದು ಕಟ್ಟು ಕೊಟ್ಟ.

"ಏನಂತಾನೆ?" ಎಂದೆ.

"ಮಗಳಿಂದ ನಿಮಗೆ ನೋವಾಯ್ತಂತೆ, ಕ್ಷಮಿಸಬೇಕಂತೆ. ನಾವು ಹಳ್ಳಿಯೋರು, ಗೊತ್ತಾಗದೆ ಊರೆಲ್ಲ ಸಂಭ್ರಮ ಮಾಡಿಬಿಟ್ವಿ ಅಂತಾನೆ."

ಮಾಯೆಸ್ತ್ರಾ, ನನಗೆ ಅಲ್ಲಿ ಕೂರಲಾಗಲಿಲ್ಲ. ಮೆಟ್ಟಿಲು ಹತ್ತಿ ಹೋಗಿ ಚೀಲ ತೆರೆದು ಬೆಲ್ಟು ತಂದೆ. ಕಿನುಕೊಳನ್ನು ತೋಳು ಹಿಡಿದು ಎಬ್ಬಿಸಿ ಅವಳ ಸೊಂಟಕ್ಕೆ ಕಟ್ಟಿದೆ. ಅವಳು ಬೇಡ ಬೇಡ ಎಂದು ಕೈ ತಳ್ಳಿದಳು. ನಾನು ಒಕಾದಾಗೆ ಹೇಳಿದೆ:

"ಹೇಳು ಅವಳಿಗೆ. ಸುಮ್ನೆ ನಿಂತ್ಕೋ, ನನ್ನ ಭುಜ ಇನ್ನೂ ಏಳ್ತಿಲ್ಲ, ಒಂದೇ ಕೈಯಲ್ಲಿ ಬಕಲ್ ಹಾಕೋದು ಕಷ್ಟ ಅಂತ. ಅವಳಪ್ಪನಿಗೂ ಹೇಳು. ಭುಜ ಜಾರಿದ್ದು ನನ್ನ ತಪ್ಪು, ಚಿತ್ ಮಾಡಿದ್ದು ನಿಮ್ಮ ಮಗಳು. ಎಲ್ಲಾ ಲೆಕ್ಕಕ್ಕಿದೆ."

ತರಬೇತುದಾರ ಕೂಗಾಡಿದ. ಆಫೀಸಿನಿಂದ ಇಬ್ಬರು ಓಡಿ ಬಂದರು. ಅಷ್ಟರಲ್ಲಿ ಆ ನಾಲ್ಕು ಜನ ಫೋಟೋ ತೆಗೆದಾಗಿತ್ತು. ಅಪ್ಪ ಬೆಲ್ಟಿನ ಹಿತ್ತಾಳೆಯ ಮೇಲೆ ಒಂದು ಬೆರಳಿಟ್ಟು ಹಾಗೇ ನಿಂತಿದ್ದ.

ಸೋಮವಾರ ದೊನ್ ಕುಕೋಗೆ ತಂತಿ ಕಳಿಸಿದೆ: "ಪಟ್ಟ ಸೋತೆ. ಈಗ ಕಿನುಕೊ ಮುರೋಯಾ ಚಾಂಪಿಯನ್."

ರಾಜಧಾನಿ ನನ್ನಿಂದ ಹೋಯಿತು ಎಂದು ಗೊತ್ತು. ಮುಂದಿನ ಬಾಗಿಲಿನಿಂದ ಒಳಗೆ ಹೋಗು ಎಂದಿದ್ದಿರಿ. ಆಗಲಿಲ್ಲ. ನೀವು ಮತ್ತೆ ಬರೆಯದಿದ್ದರೂ ನಾನು ಬರೆಯುತ್ತಲೇ ಇರುತ್ತೇನೆ.

ಒತಿಲಿಯಾ


ಗೋಮೆಸ್ ಪಲಾಸಿಯೊ
೨೨ ಡಿಸೆಂಬರ್ ೧೯೮೬

ಮಗಳೇ, ಮಗಳೇ, ಮಗಳೇ,

ಕಳೆದ ಕಾಗದದಲ್ಲಿ ಬಿಟ್ಟದ್ದಕ್ಕೂ ಸೇರಿಸಿ ಬರೆದಿದ್ದೇನೆ. ದಡ್ಡಿ, ನನಗೆ ಸಿಟ್ಟು ಬಂದಿರಲಿಲ್ಲ. ನನಗೆ ಭಯವಾಗಿತ್ತು. ಬಾಯಿ ತೆರೆದರೆ ಪಾರ್ರಾಲ್ ಕಥೆ ಹೊರಗೆ ಬರುತ್ತದೆ, ಅದನ್ನು ಕೇಳಿದ ಮೇಲೆ ನೀನು ನಿನ್ನ ಮನಸ್ಸಿನಿಂದ ಏನನ್ನೂ ಮಾಡಲಾರೆ ಎಂದು ಬಿಗಿಹಿಡಿದು ಕೂತಿದ್ದೆ. ಈಗ ಹೇಳಬಹುದು.

ಅರವತ್ತರಲ್ಲಿ ಅಂಪಾರೊ ಮತ್ತು ನಾನು ಪಟ್ಟದ ಪಂದ್ಯ ಆಡಲು ಪಾರ್ರಾಲ್‌ಗೆ ಹೋಗಿದ್ದೆವು. ಗಣಿಯೂರು. ತಗಡಿನ ಮಾಡಿನ ಸಭಾಂಗಣ, ಒಳಗೆಲ್ಲ ಗಣಿ ಕೆಲಸದವರು. ಅಂಪಾರೊಗೆ ಮೈ ಸುಡುವಷ್ಟು ಜ್ವರ. ಅವಳು ಗೆಲ್ಲಬೇಕು ಎಂದೇ ತೀರ್ಮಾನ. ನಾನು ಅವಳ ಮೇಲೆ ಬಿದ್ದಾಗ ಅವಳೇ ಹೇಳಿದಳು, "ಕೈ ಸಡಿಲ ಬಿಡಬೇಡ ಕಣೇ, ನನ್ನ ಕೈಲಿ ಏಳಕ್ಕಾಗ್ತಿಲ್ಲ. ಮುಗಿಸು." ಮುಗಿಸಿದೆ. ಬೆಲ್ಟು ಕಟ್ಟಿಕೊಂಡೇ ಬಸ್ಸಿನಲ್ಲಿ ಕೂತೆ, ದಾರಿಯುದ್ದಕ್ಕೂ ಬಿಚ್ಚಲಿಲ್ಲ. ಅಂಪಾರೊ ನನ್ನ ಹೆಗಲ ಮೇಲೆ ತಲೆಯಿಟ್ಟು ಮಲಗಿದ್ದಳು. ಬಸ್ ನಿಲ್ದಾಣದಲ್ಲಿ ನನ್ನ ಅಮ್ಮ ನೆರೆಹೊರೆಯವರನ್ನೆಲ್ಲ ಕರೆದುಕೊಂಡು ಬಂದು ನಿಂತಿದ್ದಳು. ಯಾರೋ ಫೋನ್ ಮಾಡಿ ಹೇಳಿದ್ದರು. ದೊಡ್ಡ ಮೆದ್ರಾನೊ ಕೂಡ ನಿಂತಿದ್ದ. ಅಮ್ಮ ನನ್ನನ್ನು ಅಪ್ಪಿಕೊಳ್ಳುವ ಮೊದಲೇ ಅವನು ಕೈ ಚಾಚಿ, "ಕೊಡು ಇಲ್ಲಿ. ಭಾನುವಾರದ ಪೋಸ್ಟರ್ ಅಚ್ಚಾಗಿದೆ, ಅದರಲ್ಲಿ ಅಂಪಾರೊ ಚಾಂಪಿಯನ್ನು" ಎಂದ. ಬಿಚ್ಚಿ ಕೊಟ್ಟೆ. ಮೂರು ವರ್ಷದ ಮೇಲೆ ಅವನಿಗೆ ಬೇಕಾದಾಗ ನನಗೆ ಗೆಲ್ಲಲು ಬಿಟ್ಟ. ಅಮ್ಮ ಅದನ್ನು ನೋಡಲು ಇರಲಿಲ್ಲ.

ಕಿನುಕೊಳ ಅಪ್ಪನ ಸುದ್ದಿ ಓದುವಾಗ ಕಾಗದ ಪಕ್ಕಕ್ಕಿಟ್ಟು ಅಂಗಳಕ್ಕೆ ಹೋದೆ. ಸುಮ್ಮನೆ ಗಿಡಗಳಿಗೆ ನೀರು ಹಾಕಿದೆ. ಒಂದಕ್ಕೆ ಎರಡು ಸಲ ಹಾಕಿದೆನೆಂದು ಕಾಣುತ್ತದೆ.

ಈಗ ಕುಕೋನ ಕಥೆ ಕೇಳು. ನಿನ್ನ ತಂತಿ ಹಿಡಿದು ಬಾಗಿಲು ಒದ್ದುಕೊಂಡೇ ಬಂದ.

"ನೋಡಿ ನಿಮ್ಮ ಶಿಷ್ಯೆ ಕೆಲ್ಸಾನ! ಕೈಯಲ್ಲಿದ್ದ ಬೆಲ್ಟನ್ನ ಜಪಾನಿನೋಳಿಗೆ ಕಟ್ಟಿ ಕೂತಿದಾಳೆ!"

"ಕಟ್ಟಿಲ್ಲ ಕುಕೋ, ಸೋತಿದಾಳೆ. ಎರಡೂ ಒಂದೇ ಅಲ್ಲ."

"ಅದು ಆಗಬಾರದಿತ್ತು. ಮಾತಲ್ಲಿ ಇರ್ಲಿಲ್ಲ!"

"ಭುಜ ಜಾರೋದೂ ಮಾತಲ್ಲಿ ಇರ್ಲಿಲ್ಲ. ಅದೂ ಆಗಿಲ್ಲ ಅಂತ ಹೋಗಿ ಅವಳ ಭುಜಕ್ಕೆ ಹೇಳು."

"ಅಯ್ಯೋ ಎರ್ಮಿನಿಯಾ! ರಾಜಧಾನಿಯಲ್ಲಿ ಪಂದ್ಯ ಇಡಬೇಕು, ಚಾಂಪಿಯನ್ನೇ ಇಲ್ಲ ನನ್ನ ಹತ್ರ. ಯಾರನ್ನ ಕರ್ಕೊಂಡು ಹೋಗಲಿ, ನಿಮ್ಮನ್ನಾ?"

"ಆ ಜಪಾನಿನೋಳನ್ನೇ ಕರ್ಸು."

"ನಮ್ಮ ಪಟ್ಟಾನ ಜಪಾನಿನೋಳು ಕಟ್ಕೊಂಡು ಬಂದ್ರೆ ಯಾವನ್ ಬರ್ತಾನೆ ನೋಡೋಕೆ?"

"ಎಲ್ಲಾರೂ ಬರ್ತಾರೆ ಕಣೋ ಕತ್ತೆ. ಅವಳು ಸೋಲೋದನ್ನ ನೋಡೋಕೆ ಬರ್ತಾರೆ!"

ಬಾಯಿ ತೆರೆದವನು ಜೇಬು ತಡಕಿದ. ಸಿಗರೇಟು ಹಚ್ಚಿದ. ಅರ್ಧ ಸೇದಿ, "ಬೆಲ್ಟು ಕಸ್ಕೊಂಡು ಹೋದೋಳು..." ಎಂದು ಗೊಣಗಿದ. ಆಮೇಲೆ, "ಸಮುದ್ರದಾಚೆಯಿಂದ..." ಎಂದ. ನನಗೆ ಗೊತ್ತಾಯಿತು, ಅವನ ತಲೆಯಲ್ಲಿ ಪೋಸ್ಟರ್ ಅಚ್ಚಾಗುತ್ತಿದೆ ಎಂದು. ಬಾಗಿಲ ಹತ್ತಿರ ಹೋದವನನ್ನು ಕರೆದು ಹೇಳಿದೆ: "ಒಂದ್ ಮಾತು. ಅವಳ ಹೆಸರು ಚಾಂಪಿಯನ್ನರ ಸಾಲಲ್ಲಿ ಇರಬೇಕು. ನೀಗಾತಾ ಅಂತ ಊರಿನ ಹೆಸರೂ ಇರಬೇಕು. ಇಲ್ದಿದ್ರೆ ಒತಿಲಿಯಾ ರಿಂಗಿಗೆ ಹತ್ತಲ್ಲ, ನಾನು ಹತ್ತೋಕೆ ಬಿಡಲ್ಲ."

ನಿನ್ನನ್ನು ಕೇಳದೆ ನಿನ್ನ ಪರವಾಗಿ ಮಾತು ಕೊಟ್ಟೆ. ನಡೆಯುತ್ತದಲ್ಲ?

ರಾಜಧಾನಿಯಲ್ಲಿ ಹೆಂಗಸರ ಮೊದಲ ಪಂದ್ಯ ಈಗಷ್ಟೇ ನಡೆಯಿತು. ಬೇರೆ ಹುಡುಗಿಯರು. ನಡೆದೇ ಬಿಟ್ಟಿತು ನೋಡು! ಯಾರಾದರೇನು.

ನಿನ್ನ
ಎರ್ಮಿನಿಯಾ


ಟೋಕಿಯೊ
೧೫ ಜನವರಿ ೧೯೮೭

ಮಾಯೆಸ್ತ್ರಾ,

ನಿಮ್ಮ ಕಾಗದವನ್ನು ಒಕಾದಾ ಗಟ್ಟಿಯಾಗಿ ಓದಿ ಕಿನುಕೊಗೆ ಅರ್ಥ ಹೇಳಿದಳು. "ಅವಳು ಸೋಲೋದನ್ನ ನೋಡೋಕೆ ಬರ್ತಾರೆ" ಎಂಬಲ್ಲಿಗೆ ಬಂದಾಗ ಕಿನುಕೊ ಬಿದ್ದು ಬಿದ್ದು ನಕ್ಕಳು. ಪಾರ್ರಾಲ್‌ಗೆ ಬಂದಾಗ ನಗಲಿಲ್ಲ. "ಅವರ ಅಮ್ಮ ಆಮೇಲೆ ಏನಂದ್ರು?" ಎಂದು ಕೇಳಿದಳು. ನನಗೂ ಗೊತ್ತಿಲ್ಲ, ಕೇಳಿ ಹೇಳುತ್ತೇನೆ ಎಂದಿದ್ದೇನೆ.

ಪಂದ್ಯ ಗಟ್ಟಿಯಾಯಿತು. ಮಾರ್ಚ್ ಕೊನೆಯ ಭಾನುವಾರ. ಈ ಸಲ ನಾನು ಗೆಲ್ಲಬೇಕು ಎಂದು ದೊನ್ ಕುಕೋ ಕೇಳಿದ್ದಾನೆ, ಇಲ್ಲಿಯವರೂ ಒಪ್ಪಿದ್ದಾರೆ. ಕಿನುಕೊಗೆ ಬೇಸರವಿಲ್ಲ. "ಸೋಲ್ತೀನಿ. ಆದ್ರೆ ಸುಲಭಕ್ಕೆ ಸೋಲಲ್ಲ" ಎಂದು ಬೆರಳು ತೋರಿಸಿದಳು. ದಿನವೂ ಬೆಳಿಗ್ಗೆ ನನ್ನ ಭುಜಕ್ಕೆ ಅವಳೇ ವ್ಯಾಯಾಮ ಮಾಡಿಸುತ್ತಾಳೆ. ಅವಳಿಗೆ ನಮ್ಮ ಬೈಗುಳ ಕಲಿಸುತ್ತಿದ್ದೇನೆ, ಪ್ರೇಕ್ಷಕರು ಏನು ಕೂಗುತ್ತಾರೆಂದು ಅರ್ಥವಾಗಬೇಕಲ್ಲ. ಅವಳ ಬಾಯಲ್ಲಿ ಅವು ಪ್ರಾರ್ಥನೆಯ ಹಾಗೆ ಕೇಳಿಸುತ್ತವೆ.

ಹಳೆಯ ಚಾಂಪಿಯನ್ನರನ್ನೆಲ್ಲ ರಿಂಗಿಗೆ ಕರೆಯುತ್ತಾರಂತೆ. ನೀವು ಬರಲೇಬೇಕು. ಮುಂದಿನ ಬಾಗಿಲಿನಲ್ಲಿ ನಾನೇ ನಿಂತು ಒಳಗೆ ಕರೆದುಕೊಂಡು ಹೋಗುತ್ತೇನೆ.

ಒತಿಲಿಯಾ


ಗೋಮೆಸ್ ಪಲಾಸಿಯೊ
೨೦ ಮಾರ್ಚ್ ೧೯೮೭

ಮಗಳೇ,

ನೀನು ರಾಜಧಾನಿಗೆ ಬಂದಿಳಿದದ್ದು ತಿಳಿದು ಖುಷಿಯಾಯಿತು. ಹುಷಾರು, ಅಲ್ಲಿಯ ಗಾಳಿ ತೆಳು, ಮೊದಲ ಸುತ್ತಿನಲ್ಲೇ ಉಸಿರು ಖಾಲಿ ಮಾಡಿಕೊಳ್ಳಬೇಡ.

ನಾನು ಬರುವುದಿಲ್ಲ. ಸೊಂಟ ನೋಯುತ್ತದೆ, ಇಡೀ ರಾತ್ರಿ ಬಸ್ಸಿನಲ್ಲಿ ಕೂರಲಾಗದು. ಇಲ್ಲಿ ಹುಡುಗಿಯರನ್ನೂ ಬಿಟ್ಟು ಬರುವಂತಿಲ್ಲ. ಒತ್ತಾಯ ಮಾಡಬೇಡ.

ಅಮ್ಮ ಏನೂ ಅನ್ನಲಿಲ್ಲ ಎಂದು ಕಿನುಕೊಗೆ ಹೇಳು. ಮನೆಗೆ ಹೋಗಿ ಕೋಳಿ ಸಾರು ಮಾಡಿ, ಬಂದಿದ್ದ ನೆರೆಹೊರೆಯವರಿಗೆಲ್ಲ ಬಡಿಸಿದಳು. ಗೆದ್ದವರ ಮನೆಯಲ್ಲಿ ಮಾಡುವ ಹಾಗೆಯೇ.

ಎರ್ಮಿನಿಯಾ


ಮೆಕ್ಸಿಕೋ ನಗರ
೩೦ ಮಾರ್ಚ್ ೧೯೮೭

ಮಾಯೆಸ್ತ್ರಾ,

ಗೆದ್ದೆ ಎಂದು ನಿಮಗೆ ರಾತ್ರಿಯೇ ಫೋನಿನಲ್ಲಿ ಗೊತ್ತಾಗಿರುತ್ತದೆ. ಆದರೆ ಅದು ಆಮೇಲಿನ ಮಾತು. ಮೊದಲು ಅಂಪಾರೊ ಸಿಸ್ನೆರೋಸ್ ವಿಷಯ.

ಪಂದ್ಯಕ್ಕೆ ಮುಂಚೆ ಹಳೆಯ ಚಾಂಪಿಯನ್ನರನ್ನು ಒಬ್ಬೊಬ್ಬರಾಗಿ ಕರೆದರು. ಘೋಷಣೆ ಮಾಡುವವನು, ಕೋಟಿಗೆ ಹೂವು ಸಿಕ್ಕಿಸಿಕೊಂಡವನು, ಕೂಗಿದ: "ಐವತ್ತೇಳರಿಂದ ಅರವತ್ತಮೂರರವರೆಗೆ, ಒಮ್ಮೆಯೂ ಸೋಲದ, ಅಂಪಾರೊ ಸಿಸ್ನೆರೋಸ್!" ಅವರು ಕೋಲು ಊರಿಕೊಂಡು ಮೆಟ್ಟಿಲು ಹತ್ತಿದರು. ಕೂದಲೆಲ್ಲ ಬಿಳಿ, ತುಟಿಗೆ ಕೆಂಪು ಬಣ್ಣ. ಹಾರ ಹಾಕಿಸಿಕೊಂಡರು. ಹಾಕಿಸಿಕೊಂಡು ಅವನ ಕೈಯಿಂದ ಮೈಕು ಕಸಿದರು.

"ಒಮ್ಮೆಯೂ ಸೋಲಲಿಲ್ವಂತೆ! ಯಾರಯ್ಯ ನಿಂಗೆ ಹೇಳಿದ್ದು? ಪಾರ್ರಾಲ್‌ನಲ್ಲಿ ನಾನು ಸೋತಿದೀನಿ. ಎಲ್ಲರೆದುರಿಗೆ ಚಿತ್ ಆಗಿದೀನಿ. ನನ್ನನ್ನ ಚಿತ್ ಮಾಡಿದೋಳು ಎರ್ಮಿನಿಯಾ ಸೂನಿಗಾ. ಬಸ್ಸಿನಲ್ಲಿ ಆ ಬೆಲ್ಟು ಕಟ್ಕೊಂಡಿದ್ಲು, ನಾನು ಅವಳ ಪಕ್ಕದಲ್ಲೇ ಇದ್ದೆ. ಯಾರಾದ್ರೂ ಕೇಳ್ತಾರೆ, ಹೇಳೋಣ ಅಂತ ಇಷ್ಟು ವರ್ಷ ಕಾದೆ. ಒಬ್ಬನೂ ಕೇಳ್ಲಿಲ್ಲ. ಅದಕ್ಕೇ ಕೇಳದೇನೇ ಹೇಳ್ತಿದೀನಿ. ಬರ್ಕೋ!"

ಘೋಷಣೆಯವನು ದೊನ್ ಕುಕೋನ ಮುಖ ನೋಡಿದ. ದೊನ್ ಕುಕೋ ಜನರ ಮುಖ ನೋಡಿದ. ಜನ ಆಗಲೇ ಎದ್ದು ನಿಂತು "ಎರ್ಮಿನಿಯಾ! ಎರ್ಮಿನಿಯಾ!" ಎಂದು ಬೆಂಚು ಗುದ್ದುತ್ತಿದ್ದರು. ಅವರಲ್ಲಿ ಅರ್ಧ ಜನಕ್ಕೆ ನೀವು ಯಾರೆಂದೇ ಗೊತ್ತಿರಲಿಕ್ಕಿಲ್ಲ. ಕುಕೋ ಹಣೆ ಒರೆಸಿಕೊಂಡು, ಬರೆದುಕೋ ಎಂದು ಕೈಸನ್ನೆ ಮಾಡಿದ. ಘೋಷಣೆಯವನು ಮತ್ತೆ ಮೊದಲಿನಿಂದ ಓದಿದ. ಈ ಸಲ ನಿಮ್ಮ ಹೆಸರು ಎರಡು ಸಲ ಬಂತು. ಕೊನೆಯಲ್ಲಿ, "ನೀಗಾತಾದಲ್ಲಿ ಗೆದ್ದ ಈಗಿನ ಚಾಂಪಿಯನ್, ಕಿನುಕೊ ಮುರೋಯಾ!" ಜನ ಕೂಗಿದ ಕೂಗಿಗೆ ಕಿವಿ ಗುಯ್‌ಗುಟ್ಟಿತು. ಒಬ್ಬ ಮುದುಕಿ ಛತ್ರಿ ಎತ್ತಿ ಬೆದರಿಸಿದಳು. ಕಿನುಕೊ ಅವಳ ಮುಂದೆ ನಿಂತು, ಬಾಗಿ ನಮಸ್ಕರಿಸಿ, ನಾನು ಕಲಿಸಿದ ಒಂದು ಬೈಗುಳವನ್ನು ಭಕ್ತಿಯಿಂದ ಹೇಳಿದಳು. ಮುದುಕಿಗೆ ನಗು ತಡೆಯಲಾಗಲಿಲ್ಲ.

ಮೂರು ಸುತ್ತು ಆಯಿತು. ಮೊದಲನೆಯದು ಅವಳದು, ಎರಡನೆಯದು ನನ್ನದು. ಮೂರನೆಯದರಲ್ಲಿ ಅವಳು ಮತ್ತೆ ಅದೇ ಥರ ಹೆಗಲ ಮೇಲಿಂದ ಎತ್ತಿ ಹಾಕಿದಳು. ಈ ಸಲ ಕೈ ಊರಲಿಲ್ಲ, ಬೆನ್ನು ಕೊಟ್ಟೆ. ಆದರೂ ಭುಜ ಚುರುಕ್ ಎಂದಿತು. "ನೋವಾಯ್ತಾ?" ಎಂದು ಕಿವಿಯಲ್ಲಿ ಕೇಳಿದಳು. "ಬಿಡಬೇಡ" ಎಂದೆ. ಬಿಡಲಿಲ್ಲ. ಅವಳ ಹಿಡಿತದಿಂದ ನುಸುಳಿ ಬಂದು ಚಿತ್ ಮಾಡುವಷ್ಟರಲ್ಲಿ ನನಗೆ ಕಣ್ಣು ಕತ್ತಲೆ. ತೀರ್ಮಾನವಾದದ್ದೇ ಆಯಿತು. ಆದರೂ ಮಾಯೆಸ್ತ್ರಾ, ನಾನು ನಿಜವಾಗಿ ಗೆದ್ದೆ ಅನ್ನಿಸಿದ್ದು ಇದೇ ಮೊದಲು. ಜನ ರಿಂಗಿನೊಳಗೆ ನಾಣ್ಯ ಎಸೆದರು, ಇಬ್ಬರಿಗೂ. ಕಿನುಕೊ ಹೆದರಿ ನನ್ನ ಹಿಂದೆ ಅಡಗಿದಳು. ಹೊಡೆಯುವುದಲ್ಲ, ಮೆಚ್ಚಿದಾಗ ಇಲ್ಲಿ ಹೀಗೇ ಮಾಡುತ್ತಾರೆ ಎಂದು ಹೇಳಿದ ಮೇಲೆ ಕೂತು ಅತ್ತಳು.

ನಿಮ್ಮ ಸೊಂಟದ ಕಾರಣ ನಾನು ನಂಬಿಲ್ಲ. ಆದರೆ ಕೇಳುವುದಿಲ್ಲ.

ಇವತ್ತು ಬೆಳಿಗ್ಗೆ ಇಲ್ಲಿಯ ಗರಡಿಗೆ ಚೀಲ ತರಲು ಹೋದರೆ ಬಾಗಿಲಲ್ಲಿ ಹುಡುಗಿಯರು ನಿಂತಿದ್ದರು. ಎಂಟೋ ಒಂಬತ್ತೋ. ಒಬ್ಬಳು ಬೇಕರಿಯ ಏಪ್ರನ್ನಿನಲ್ಲೇ ಬಂದಿದ್ದಳು. "ಕಲಿಸ್ತೀರಾ?" ಎಂದರು. ಗರಡಿಯವನು ಬೆಳಗಿನ ಹೊತ್ತು ಜಾಗ ಕೊಡುತ್ತಾನಂತೆ. ನನ್ನ ಕೈಗೆ ಮತ್ತೆ ಪಟ್ಟಿ ಕಟ್ಟಿದ್ದಾರೆ. ಬಾಯಲ್ಲಿ ಹೇಳಬಲ್ಲೆ, ಬಿದ್ದು ತೋರಿಸಲಾರೆ. ಏಪ್ರನ್ನಿನ ಹುಡುಗಿಯ ಹೆಸರು ಬ್ರಿಖಿದಾ. ಅವಳ ಅಮ್ಮನಿಗೆ ಗೊತ್ತಾದರೆ ಕಾಲು ಮುರಿಯುತ್ತಾಳಂತೆ.

ಏನು ಮಾಡಲಿ ಎಂದು ಈ ಸಲ ಕೇಳುವುದಿಲ್ಲ. ನಾನು ಇಲ್ಲೇ ಉಳಿಯುತ್ತೇನೆ. ನೀವು ಬರುತ್ತೀರಾ ಎಂದಷ್ಟೇ ಕೇಳುತ್ತಿದ್ದೇನೆ.

ನಿಮ್ಮ
ಒತಿಲಿಯಾ


ಗೋಮೆಸ್ ಪಲಾಸಿಯೊ
೬ ಏಪ್ರಿಲ್ ೧೯೮೭

ಮಗಳೇ,

ನಾನು ಬಸ್ ನಿಲ್ದಾಣದವರೆಗೆ ಬಂದಿದ್ದೆ. ಒಳ್ಳೆಯ ಬಟ್ಟೆ ಹಾಕಿಕೊಂಡು, ಟಿಕೆಟ್ಟನ್ನೂ ಕೊಂಡು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಾಗ, ಅಲ್ಲಿ ಯಾರಾದರೂ ಮತ್ತೆ ಬಾಗಿಲಿನಿಂದ ತಲೆ ಹಾಕಿ ಇಲ್ಲ ಎಂದರೆ ಏನು ಮಾಡುವುದು ಅನ್ನಿಸಿತು. ಈ ವಯಸ್ಸಿನಲ್ಲಿ ಅದನ್ನು ಇನ್ನೊಮ್ಮೆ ಕೇಳುವ ಶಕ್ತಿ ನನಗಿರಲಿಲ್ಲ. ಇಳಿದು ಮನೆಗೆ ಬಂದೆ. ಸೊಂಟ ಚೆನ್ನಾಗಿದೆ.

ಅಂಪಾರೊಗೆ ನಿನ್ನೆ ಫೋನ್ ಮಾಡಿದೆ. ಅರ್ಧ ಗಂಟೆ ಇಬ್ಬರೂ ಒಬ್ಬರಿಗೊಬ್ಬರು ಬೈದುಕೊಂಡೆವು. ಯಾಕೆ ಇಷ್ಟು ವರ್ಷ ಫೋನ್ ಮಾಡಲಿಲ್ಲ ಎಂದು ಅವಳು, ನೀನ್ಯಾಕೆ ಮಾಡಲಿಲ್ಲ ಎಂದು ನಾನು. ಕೊನೆಗೆ ನಾನು ರಾಜಧಾನಿಯಲ್ಲಿ ಅವಳ ಮನೆಯಲ್ಲೇ ಇರಬೇಕೆಂದು ಅಪ್ಪಣೆಯಾಯಿತು. ಕೆಳಗಿನ ಅಂತಸ್ತಿನಲ್ಲಿ ಕೋಣೆ ಖಾಲಿ ಇದೆಯಂತೆ.

ಇಲ್ಲಿಯ ಗರಡಿಯನ್ನು ಹಿರಿಯ ಹುಡುಗಿಯರಿಬ್ಬರಿಗೆ ಒಪ್ಪಿಸಿದ್ದೇನೆ. ಈಗ ಮೆಲ್ಲಗೆ ಬೀಳುವುದಿಲ್ಲ, ಹೆದರಬೇಡ. ಕಿನುಕೊ ಊರಿಗೆ ಹೋಗುವ ಮೊದಲು ನನಗೆ ಅವಳನ್ನು ನೋಡಬೇಕು. ಎರಡು ದಿನ ಉಳಿಸಿಕೊ.

ಗುರುವಾರ ಬೆಳಿಗ್ಗೆ ಬಂದಿಳಿಯುತ್ತೇನೆ. ರಿಂಗಿನ ಹಲಗೆಯ ಮೇಲೆ ದಪ್ಪ ಹಾಸು ಹಾಸಿಸಿಡು. ಮೊದಲ ತಿಂಗಳು ಯಾರೂ ಯಾರನ್ನೂ ಎತ್ತುವಂತಿಲ್ಲ, ಬರೀ ಬೀಳುವುದು. ಮತ್ತೆ ಆ ಬ್ರಿಖಿದಾಗೆ ಹೇಳು, ಕದ್ದು ಬರುವುದು ಬೇಡ, ಶುಕ್ರವಾರ ಅಮ್ಮನನ್ನೂ ಕರೆದುಕೊಂಡು ಬರಲಿ. ಅವರಿಗೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಡು.

ನಿನ್ನ
ಎರ್ಮಿನಿಯಾ